ಗಂಟೆ ಹೂವೆಂದು ಬರೆದ ಬಳ್ಳಿ

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ತರ್ಜುಮೆ ಗುಮಾಸ್ತನಾಗಿದ್ದೆ. ಉರ್ದುವಿನಲ್ಲಿದ್ದ ಹಳೆಯ ಕಾಗದಪತ್ರಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಯಾದಗಿರಿಯ ಶಾಲೆಯಲ್ಲಿ ನಾನು ಲೆಕ್ಕ, ಭೂಗೋಳ, ಚರಿತ್ರೆ ಎಲ್ಲವನ್ನೂ ಕಲಿತದ್ದು ಉರ್ದುವಿನಲ್ಲಿ. ಕನ್ನಡವೆಂದರೆ ಮನೆಯಲ್ಲಿ ಆಡುವ ಮಾತು, ಅಷ್ಟೇ. ನಿಜಾಮರ ಆಳ್ವಿಕೆ ಹೋದ ಮೇಲೆ ಹೊಸದಾಗಿ ಅಕ್ಷರ ತಿದ್ದಿ, ಪರೀಕ್ಷೆಗೆ ಕೂತು, ಇಪ್ಪತ್ತರ ವಯಸ್ಸಿನಲ್ಲಿ ತಾಯಿನುಡಿಯನ್ನು ಬರೆಯಲು ಕಲಿತೆ. ಎರಡೂ ಬಲ್ಲವನೆಂದು ಕೆಲಸ ಸಿಕ್ಕಿತು. ನಿಜ ಹೇಳಬೇಕೆಂದರೆ ಎರಡೂ ಅರ್ಧರ್ಧ ಗೊತ್ತಿದ್ದವು.

ಕಚೇರಿ ಇದ್ದದ್ದು ಒಂದು ಹಳೆಯ ಬಂಗಲೆಯಲ್ಲಿ. ಹಿಂದಿನ ಸರ್ಕಾರದ ಅಧಿಕಾರಿಯೊಬ್ಬರು ಅಲ್ಲಿ ಸಂಸಾರ ಸಮೇತ ಇದ್ದರಂತೆ. ಆಳ್ವಿಕೆ ಬದಲಾದ ದಿನಗಳಲ್ಲಿ ಹೈದರಾಬಾದಿಗೆ ಹೋದವರು ತಿರುಗಿ ಬರಲಿಲ್ಲ. ನಾವು ಸೇರಿಕೊಂಡಾಗಲೂ ಗೋಡೆಗಳಲ್ಲಿ ಅವರ ಮೊಳೆಗಳಿದ್ದವು. ಅಡುಗೆಮನೆಯ ಮಾಡದಲ್ಲಿ ಸುರ್ಮಾ ಡಬ್ಬಿಯೊಂದು ಉಳಿದಿತ್ತು. ಹಿತ್ತಲಿನ ತೋಟ ನೀರು ಕಾಣದೆ ಹೆಚ್ಚುಕಡಿಮೆ ಸತ್ತಿತ್ತು. ಗುಲಾಬಿ ಕಡ್ಡಿಗಳು ಒಣಗಿ ಮುರಿದಿದ್ದವು. ದಾಳಿಂಬೆ ಗಿಡ ಬರೀ ಮುಳ್ಳಾಗಿತ್ತು. ಒಂದು ಬಳ್ಳಿ ಮಾತ್ರ ಬಾವಿಕಟ್ಟೆಯ ಕಂಬವನ್ನು ಸುತ್ತಿ, ಮಾಳಿಗೆಯವರೆಗೆ ಹೋಗಿ, ಕೆಳಗೆ ಇಳಿಬಿದ್ದಿತ್ತು. ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ದಪ್ಪ ಎಲೆ. ಬೈಂಗನಿ, ಅಂದರೆ ಬದನೆಕಾಯಿಯ ಬಣ್ಣವನ್ನು ಹಾಲಿನಲ್ಲಿ ಕದಡಿದಂಥ ತಿಳಿ ಹೂ, ತುತ್ತೂರಿಯ ಆಕಾರ. ಬೇಸಿಗೆಯಲ್ಲಿ ಶಹಾಪುರದ ಗುಡ್ಡಗಳು ಕಾದು ಊರೆಲ್ಲ ಒಲೆಯಾದಾಗಲೂ ಅದು ಹಸಿರಾಗಿಯೇ ಇರುತ್ತಿತ್ತು. ಅಂಥ ಹೂವನ್ನು ನಾನು ಅಲ್ಲಿಯವರೆಗೆ ಎಲ್ಲೂ ಕಂಡಿರಲಿಲ್ಲ.

ಅದರ ಕಾಯಿ ಇನ್ನೂ ವಿಚಿತ್ರ. ಎರಡೆರಡು ಜೊತೆಯಾಗಿ, ಒಂದು ಆ ಕಡೆ ಒಂದು ಈ ಕಡೆ ಚಾಚಿಕೊಂಡು, ಆಡಿನ ಕೊಂಬಿನ ಹಾಗೆ ಕಾಣುತ್ತಿತ್ತು.

ಒಂದು ಕಡ್ಡಿಯನ್ನು ಮುರಿದು, ಹಸಿ ಬಟ್ಟೆಯಲ್ಲಿ ಸುತ್ತಿ ಅಕ್ಕನ ಊರಿಗೆ ಒಯ್ದೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನಾನು ಮೂರು ವರ್ಷದವನು. ಅವಳೇ ಬಗಲಲ್ಲಿ ಹೊತ್ತು ಬೆಳೆಸಿದಳು. ಅವಳನ್ನು ಕೊಟ್ಟದ್ದು ಬಳಿಚಕ್ರದಿಂದ ಒಂದು ಹರದಾರಿ ಆಚೆಯ ಸಣ್ಣ ಹಳ್ಳಿಗೆ. ಭಾವ ಆಡು ಸಾಕುವವನು. ಒಂದಿಷ್ಟು ಒಣ ಹೊಲವೂ ಇತ್ತು. ಅಕ್ಕನಿಗೆ ಹುಟ್ಟಿದ ಎರಡು ಕೂಸುಗಳೂ ಉಳಿಯಲಿಲ್ಲ. ಎರಡನೆಯದು ಹೋದ ಮೇಲೆ ಅವಳು ಮಾತು ಕಡಿಮೆ ಮಾಡಿದಳು. ಮನೆಯ ಮುಂದೆ ತುಳಸಿಯನ್ನೂ ಹಾಕಲಿಲ್ಲ. ನಾನು ಬಳ್ಳಿಯ ಕಡ್ಡಿಯನ್ನು ಅವಳ ಕೈಗೆ ಕೊಟ್ಟಾಗ, ನೆಡುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಆದರೆ ನೆಟ್ಟಳು. ಪಾತ್ರೆ ತೊಳೆದ ನೀರನ್ನೇ ಹಾಕಿ ಬದುಕಿಸಿದಳು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಂಗಳದ ಚಪ್ಪರವನ್ನೆಲ್ಲ ಮುಚ್ಚಿ, ಆಡಿನ ದೊಡ್ಡಿಯ ಗೋಡೆಯ ಮೇಲೂ ಹಬ್ಬಿತು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿ ಹೋಗುತ್ತಿದ್ದರು. ಒಮ್ಮೆ ನಾನು ಹೋದಾಗ ಅಕ್ಕ ಅದರ ಕೆಳಗೆ ಕೂತು ಜೋಳ ಹಸನು ಮಾಡುತ್ತ ಏನೋ ಗುನುಗುತ್ತಿದ್ದಳು. ಅವಳು ಹಾಡುವುದನ್ನು ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಆ ವರ್ಷ ಒಂದು ಅಮಾವಾಸ್ಯೆಗೆ ಅವಳು ಆ ಹೂಗಳನ್ನು ಬುಟ್ಟಿ ತುಂಬ ಒಯ್ದು ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದಳು. ಹೂ ತೆಗೆದುಕೊಳ್ಳುತ್ತಿದ್ದ ಮುದುಕಿ ಒಂದು ಹೂವನ್ನು ಎತ್ತಿ ತಿರುಗಿಸಿ ನೋಡಿ, ಇದಕ್ಕೆ ಏನಂತಾರೆ ಎಂದು ಕೇಳಿದಳಂತೆ. ಅಕ್ಕನಿಗೆ ಹೇಳಲು ಬರಲಿಲ್ಲ. ಹೆಸರು ಗೊತ್ತಿಲ್ಲದ ಹೂ ದೇವರಿಗೆ ಬೇಡವೆಂದು ಮುದುಕಿ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಮುಂದಿನ ಸಲ ನಾನು ಹೋದಾಗ ಅಕ್ಕ ಮೊದಲು ಕೇಳಿದ್ದೇ ಅದನ್ನು.

"ತಮ್ಮಾ, ಇದರ ಹೆಸರರೆ ಏನು? ಇಷ್ಟು ದಿನ ಆತು, ಒಬ್ಬರೂ ಹೇಳವಲ್ರು. ಟೊಂಗಿ ಮುರದ್ರ ಹಾಲು ಸುರೀತದ. ಆಡಿಗಿ ಏನರೆ ಆಗ್ತದೇನೋ ಅಂತ ನನಗ ಅಂಜಿಕಿ."

"ಕಚೇರ್ಯಾಗ ಕೇಳಿ ಹೇಳ್ತೀನಿ ಬಿಡಕ್ಕ," ಅಂದೆ.

ಕೇಳಿದೆ. ಕೇಳಿದೆ ಎನ್ನುವುದೇ ನನಗೆ ಇವತ್ತಿಗೂ ಹಿಂಸೆ, ಯಾಕೆಂದರೆ ಹೇಗೆ ಕೇಳಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆಗ ಬಂಗಲೆಯ ಸಾಮಾನುಗಳ ಹಳೆಯ ಪಟ್ಟಿಯನ್ನು ಕನ್ನಡಕ್ಕೆ ಇಳಿಸುವ ಕೆಲಸ ನನ್ನ ಮೇಜಿನ ಮೇಲಿತ್ತು. ಕುರ್ಚಿ, ಮೇಜು, ಪರದೆ ಆದ ಮೇಲೆ ತೋಟದ ಗಿಡಗಳು. ನಿಂಬೆ, ದಾಳಿಂಬೆ, ಗುಲಾಬಿ. ಕೊನೆಯ ಸಾಲಿನಲ್ಲಿ 'ವಿಲಾಯತಿ ಬೇಲ್', ಅಂದರೆ ವಿಲಾಯತಿ ಬಳ್ಳಿ, ಎಂದು ಬರೆದಿತ್ತು. ನಮ್ಮ ಜವಾನ ಮುಸಲ್ಮಾನ ಮುದುಕ, ಹಿಂದಿನ ಸಾಹೇಬರ ಕೈಯಲ್ಲೂ ಇದ್ದವನು. ಅವನನ್ನು ಕೇಳಿದರೆ, "ವಿಲಾಯತಿ ಅಂದ್ರ ಹೊರಗಿಂದು ಸಾಬ್, ಅಷ್ಟೇ. ಗೊತ್ತಿಲ್ಲದ್ದಕ್ಕೆಲ್ಲ ಹಂಗಂತಾರ. ಬೇಗಂ ಸಾಹೇಬರು ಬೈಂಗನಿ ಗಂಟಿ ಅಂತಿದ್ರು," ಅಂದ.

ಗಂಟೆ ಎಂಬ ಮಾತು ಬಂದದ್ದು ಅಲ್ಲಿಂದ. ಹೆಡ್ ಕ್ಲಾರ್ಕು ಧಾರವಾಡದ ಕಡೆಯಿಂದ ಹೊಸದಾಗಿ ಬಂದವರು. ಅಚ್ಚುಕಟ್ಟಿನ ಮನುಷ್ಯ. ನಮ್ಮ ಕನ್ನಡ ಅವರಿಗೆ ಅರ್ಧ ನಗು ತರಿಸುತ್ತಿತ್ತು, ಅರ್ಧ ಸಿಟ್ಟು. ಪಟ್ಟಿಯನ್ನು ಅವರ ಮುಂದಿಟ್ಟು, "ಸರ್, ಇದಕ್ಕ ಕನ್ನಡದಾಗ ಏನು ಬರೀಲಿ? ಬಳ್ಳಿ, ಹೂ ಗಂಟಿ ಥರ ಇರ್ತಾವ," ಅಂದೆ. ಕಿಸೆಯಲ್ಲಿ ಬಾಡಿದ ಒಂದು ಹೂವಿತ್ತು. ಬಣ್ಣವೆಲ್ಲ ಹೋಗಿ ಹಳದಿ ತಿರುಗಿತ್ತು. ಅದನ್ನೇ ತೋರಿಸಿದೆ.

"ಇದು ಗಂಟಿ ಹೂವಪಾ. ನಮ್ಮ ಹಿತ್ತಲದಾಗೂ ಐತಿ. ಗಂಟೆ ಹೂ ಅಂತ ಬರಿ."

"ಆಡು ತಿಂದ್ರ ಏನರೆ ಆಗ್ತದೇನ್ರಿ?"

"ಏನಾಕ್ಕೈತಿ? ನಮ್ಮ ಓಣಿ ಆಡು ದಿನಾ ತಿಂತಾವ."

ಅವರು ಹೇಳಿದ್ದು ಸುಳ್ಳಲ್ಲ. ಅವರ ಹಿತ್ತಲಿನ ಗಂಟೆ ಹೂ ಹಳದಿ ಹೂವಿನ ಗಿಡ. ಅದನ್ನು ನಾನು ಮುಂದೆ ನೋಡಿದ್ದೇನೆ; ಅದರಿಂದ ಯಾವ ಆಡಿಗೂ ಏನೂ ಆಗುವುದಿಲ್ಲ. ಇದು ಬೇರೆ, ಅದು ಬೇರೆ. ಎದ್ದು ಹತ್ತು ಹೆಜ್ಜೆ ನಡೆದು ಬಾವಿಕಟ್ಟೆಯ ಬಳ್ಳಿಯನ್ನು ನೋಡಿರೆಂದು ನಾನು ಹೇಳಲಿಲ್ಲ. ಹಾಲಿನ ಮಾತನ್ನೂ ಎತ್ತಲಿಲ್ಲ. ಊಟದ ಹೊತ್ತಾಗಿತ್ತು. ಗಂಟೆ ಹೂ ಎಂದು ದುಂಡಗೆ ಬರೆದೆ. ಮುಂದಿನ ರವಿವಾರ ಅಕ್ಕನಿಗೂ ಹೆಸರು ಹೇಳಿ, ಆಡಿಗೆ ಏನೂ ಆಗುವುದಿಲ್ಲವೆಂದೂ ಹೇಳಿದೆ. ಅವಳಿಗೆ ಖುಷಿಯಾಯಿತು. ಹೆಸರು ಸಿಕ್ಕಿತಲ್ಲ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಅಕ್ಕನ ಹಿತ್ತಲಿಗೆ ತಾಗಿ ಒಬ್ಬ ಮುದುಕನ ಸಣ್ಣ ಹೊಲವಿತ್ತು. ಅವನ ಮನೆ ಊರ ಹೊರಗಿನ ಕೇರಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಜೀವನವೆಲ್ಲ ಕಂಡವರ ಹೊಲದಲ್ಲಿ ದುಡಿದು, ಹೇಗೋ ಆ ತುಂಡು ಭೂಮಿಯನ್ನು ತಮ್ಮದೆಂದು ಮಾಡಿಕೊಂಡಿದ್ದರು. ಅಲ್ಲಿ ತೊಗರಿ ಬಿತ್ತುತ್ತಿದ್ದ. ಮೊಳಕಾಲೆತ್ತರ ಬರುವಷ್ಟರಲ್ಲಿ ಭಾವನ ಆಡುಗಳು ಬೇಲಿ ನುಸುಳಿ ಮೇದುಬಿಡುತ್ತಿದ್ದವು. ಭಾವನಿಗೆ ಅದು ದೊಡ್ಡ ತಪ್ಪೆಂದು ಎಂದೂ ಅನ್ನಿಸಲಿಲ್ಲ. ಆ ವರ್ಷ ಎರಡನೆಯ ಸಲ ಹಾಗಾದಾಗ ಮುದುಕ ಅಕ್ಕನ ಬಾಗಿಲಿಗೆ ಬಂದು, ದೂರವೇ ನಿಂತು, ಓಣಿಯೆಲ್ಲ ಕೇಳುವ ಹಾಗೆ ಅಂದ:

"ಇನ್ನೊಮ್ಮಿ ಬಂದ್ರ ಔಷಧ ಹಾಕ್ತೀನಿ ನೋಡು. ಆಮ್ಯಾಲ ನನಗೇನೂ ಅನಬ್ಯಾಡ್ರಿ."

ಅಂದವನು ಅಳುತ್ತಿದ್ದನೆಂದು ಅಕ್ಕ ಆಮೇಲೆ ಹೇಳಿದಳು. ಮಾತನ್ನು ಊರು ನೆನಪಿಟ್ಟುಕೊಂಡಿತು, ಅಳುವನ್ನು ಇಟ್ಟುಕೊಳ್ಳಲಿಲ್ಲ.

ಅದಾಗಿ ಆರೇಳು ತಿಂಗಳಿಗೆ, ಬಿರು ಬೇಸಿಗೆಯಲ್ಲಿ, ಬಳ್ಳಿ ದೊಡ್ಡಿಯ ಬಾಗಿಲಿಗೆ ಅಡ್ಡ ಬಂದಿದೆಯೆಂದು ಭಾವ ಅದನ್ನು ಕುಡಗೋಲಿನಿಂದ ಸವರಿದ. ಸವರಿದ ಟೊಂಗೆಗಳನ್ನು ದೊಡ್ಡಿಯ ಪಕ್ಕದಲ್ಲೇ ಒಟ್ಟಿದ. ಅವತ್ತು ಸಂಜೆ ಅವನ ಕೈಮೇಲೆ ಗುಳ್ಳೆ ಎದ್ದವು, ರಾತ್ರಿಯೆಲ್ಲ ಕೆಮ್ಮಿದ. ಧೂಳೆಂದುಕೊಂಡರು. ಹಸಿರು ಕಾಣದ ಕಾಲ. ಬೇರೆ ದಿನ ಮೂಸಿಯೂ ನೋಡದ ಆ ಎಲೆಗಳನ್ನು ಆಡುಗಳು ಮೇದವು. ಮರುದಿನ ಬೆಳಿಗ್ಗೆ ಭಾವ ಅವುಗಳನ್ನು ಹೊಡೆದುಕೊಂಡು ಹೊರಟ. ಮುದುಕನ ಹೊಲ ದಾಟಿ ಏರು ಹತ್ತುವಾಗ ಮುಂದಿದ್ದ ಹೋತ ನಿಂತಲ್ಲೇ ಮಂಡಿಯೂರಿ ಬಿತ್ತು. ಅದರ ಹಿಂದೆ ಇನ್ನೊಂದು. ಮಧ್ಯಾಹ್ನದೊಳಗೆ ಒಂಬತ್ತು ಆಡು ಸತ್ತವು. ಗಬ್ಬದ ಆಡುಗಳೂ ಅದರಲ್ಲಿದ್ದವು.

ಬಿದ್ದ ಜಾಗ ಮುದುಕನ ಹೊಲದ ಬದು. ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ನನಗೆ ಸುದ್ದಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಚಾವಡಿಯಲ್ಲಿ ಹಿರಿಯರು ಕೂತಿದ್ದರು. ಮುದುಕ ಕೆಳಗೆ ಬಿಸಿಲಲ್ಲಿ ನಿಂತಿದ್ದ. "ಬಾಯಿಲೆ ಅಂದೀನ್ರಿ, ಕೈಲೆ ಮಾಡಿಲ್ಲ. ನನ್ನ ಮಗಳಾಣಿ," ಎಂದು ಅದೊಂದೇ ಮಾತನ್ನು ಹೇಳುತ್ತಿದ್ದ. ಕೇರಿಯವನ ಮಾತಿಗೆ ಆ ಕಟ್ಟೆಯ ಮೇಲೆ ತೂಕ ಕಡಿಮೆ. ಒಬ್ಬ ಹಿರಿಯ ನನ್ನ ಕಡೆ ತಿರುಗಿ, "ನೀನು ಓದಿದವ, ಸರ್ಕಾರಿ ಮನುಷ್ಯಾ. ನೀ ಏನಂತಿ?" ಎಂದು ಕೇಳಿದ.

"ನಾ ಏನು ಹೇಳ್ಲಿರಿ, ನಾ ಊರಾಗ ಇದ್ದಿಲ್ಲ," ಅಂದೆ.

ಅವತ್ತು ನನಗೆ ಬಳ್ಳಿಯ ಮೇಲೆ ಸಂಶಯ ಬಂದಿರಲಿಲ್ಲ, ಅದು ನಿಜ. ಆದರೆ ಮುದುಕನ ಮುಖ ನೋಡಿದಾಗ ಅವನು ಮಾಡಿಲ್ಲವೆಂದು ನನಗೆ ಅನ್ನಿಸಿತ್ತು. ಅದನ್ನಾದರೂ ಹೇಳಬಹುದಿತ್ತು.

ಯಾರೂ ಅವನನ್ನು ಹೊಡೆಯಲಿಲ್ಲ. ಪೊಲೀಸರಿಗೂ ಕೊಡಲಿಲ್ಲ. ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಅಂಗಡಿಯವನು ಸಾಮಾನು ಕೊಡಲಿಲ್ಲ. ಅವನ ಹೆಂಡತಿ ದನದ ಕೊಟ್ಟಿಗೆ ಬಳಿಯುವ ಕೆಲಸಕ್ಕೆ ಹೋಗುತ್ತಿದ್ದ ಮನೆಗಳು, ನಾಳೆ ಬಾ ಎಂದವು. ಮುಂಗಾರಿಗೆ ಮುಂಚೆ ಅವರು ಹೊಲವನ್ನು ಸಿಕ್ಕ ಬೆಲೆಗೆ ಕೊಟ್ಟು, ಗುರುಮಿಟ್ಕಲ್ ಕಡೆಯ ಒಂದು ಹಳ್ಳಿಗೆ, ಮಗಳ ಮನೆಗೆ ಹೋದರು. ಹೋಗುವಾಗ ಅಕ್ಕ ಬಾಗಿಲಲ್ಲಿದ್ದಳಂತೆ. ಮುದುಕಿ ತಲೆಯ ಮೇಲೆ ಬೀಸುಕಲ್ಲಿನ ಒಂದು ಹೋಳು ಹೊತ್ತಿದ್ದಳು, ಮುದುಕ ಇನ್ನೊಂದು.

ಶ್ರಾವಣದಲ್ಲಿ ಅಕ್ಕ ಬಳಿಚಕ್ರದ ಒಬ್ಬರ ಕೈಯಲ್ಲಿ ಹೇಳಿಕಳಿಸಿದಳು, ಕೂಡಲೇ ಬಾ ಎಂದು. ಹೋದೆ. ಅಂಗಳದಲ್ಲಿ ಒಂದು ಮರಿ ಸತ್ತು ಬಿದ್ದಿತ್ತು. ಅಕ್ಕ ಅದನ್ನು ಗೋಣಿಯಿಂದ ಮುಚ್ಚಿ, ಹೂಳಲು ಬಿಡದೆ, ನಾನು ಬರಲೆಂದು ಕಾದಿದ್ದಳು. ಗೋಣಿ ಎತ್ತಿ ಅದರ ಬಾಯಿ ತೋರಿಸಿದಳು. ತುಟಿಯ ಅಂಚಿನಲ್ಲಿ ಬಿಳಿ ಹಾಲು ಒಣಗಿ ಅಂಟಿನ ಹಾಗೆ ಹಿಡಿದಿತ್ತು. ಹಲ್ಲಿನ ನಡುವೆ ಹೊಳೆಯುವ ಎಲೆಯ ಚೂರು.

"ಇದು ಹೊರಗ ಹೋಗೇ ಇಲ್ಲ," ಅಂದಳು ಅಕ್ಕ. "ತಾಯಿ ಹಿಂದ ಬಿಡಲಾರ್ದೆ ಇಲ್ಲೇ ಕಟ್ಟಿದ್ದೆ. ನನ್ನ ಕಣ್ಣ ಮುಂದ ಆ ಬಳ್ಳಿ ಜಗ್ಗಿ ತಿಂತು. ನೀ ಏನಾಗಂಗಿಲ್ಲ ಅಂದಿದ್ದಿ ಅಂತ ನಾ ಸುಮ್ನಿದ್ದೆ."

ನಾನು ಗೋಣಿಯನ್ನು ಮತ್ತೆ ಮುಚ್ಚಿದೆ.

"ಮುದುಕ ಊರು ಬಿಟ್ಟು ಹೋಗ್ಯಾನ. ಮತ್ತ ಇದನ್ನ ಕೊಂದವರು ಯಾರು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಹೂ, ಎಲೆ, ಜೋಡಿ ಕಾಯಿ ಎಲ್ಲವನ್ನೂ ಕೂಡಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಮರುದಿನವೇ ಯಾದಗಿರಿಗೆ ಹೋದೆ. ದನದ ಡಾಕ್ಟರು ತೆಲುಗಿನವರು, ತಾಳ್ಮೆಯ ಮನುಷ್ಯ. ಮೊದಲು ಹೆಸರೇನೆಂದು ಕೇಳಿದರು. ಗಂಟೆ ಹೂ ಅಂದೆ. "ಅದರಾಗ ವಿಷ ಇಲ್ಲಲ್ಲ," ಅಂದರು. ಗಂಟು ಬಿಚ್ಚಿ ತೋರಿಸಿದ ಮೇಲೆ ಅವರ ಮುಖ ಬದಲಾಯಿತು. ಎಲೆಯನ್ನು ಮುರಿದು ಹಾಲು ನೋಡಿ, ಕೈ ತೊಳೆದುಕೊಂಡರು.

"ಇದು ಗಂಟೆ ಹೂ ಅಲ್ಲ. ಯಾರು ಹೇಳಿದ್ರು ನಿಮಗ?"

"ನಾವೇ ಅಂದ್ಕೊಂಡ್ವಿರಿ."

"ಏನಂತ ನನಗೂ ಗೊತ್ತಿಲ್ಲ. ಆಡು ಹ್ಯಾಂಗ ಸತ್ತವು? ನಡೀತಾ ನಡೀತಾ ಬಿದ್ದುವಾ? ಹಂಗಿದ್ರ ಎದಿ ಹಿಡಿಯೋ ವಿಷ ಅದು. ಸುರಪುರದಾಗ ಒಬ್ಬ ಹಳೇ ಮಾಲಿ ಅದಾನ. ದೊಡ್ಡವರ ತೋಟದಾಗೆಲ್ಲ ಕೆಲಸ ಮಾಡಿದವ. ಹೊರಗಿನ ಗಿಡ ಅವನಿಗೆ ಗೊತ್ತಿರ್ತಾವ."

ಸುರಪುರಕ್ಕೆ ಹೋಗುವ ಮುಂಚೆ ಶಹಾಪುರದಲ್ಲಿ ಇಳಿದು ಇನ್ನೂ ಇಬ್ಬರಿಗೆ ತೋರಿಸಿದೆ. ಸಂತೆಯಲ್ಲಿ ಬೇರು ನಾರು ಮಾರುವವಳು ಕಾಯಿ ನೋಡಿ ಕೊಂಬಿನ ಬಳ್ಳಿ ಎಂದು ಆಗಲೇ ಒಂದು ಹೆಸರು ಕಟ್ಟಿದಳು. ಮರಾಠಿ ಬಲ್ಲ ಒಬ್ಬ ಮೇಷ್ಟರು ಇನ್ನೇನೋ ಹೇಳಿದರು. ಇಬ್ಬರ ಮಾತಿನಲ್ಲೂ ಅನುಮಾನವಿರಲಿಲ್ಲ. ತಿಳಿಯದು ಎಂದವರು ಡಾಕ್ಟರೊಬ್ಬರೇ.

ಮಾಲಿ ಸುರಪುರದ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿದ್ದ. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಮಾತ್ರ ಕಾಣುತ್ತಿತ್ತು. ಹೊರಸಿನ ಮೇಲೆ ಕೂತಿದ್ದವನ ಕೈಗೆ ಕಾಯಿಯ ಜೋಡಿ ಕೊಟ್ಟೆ. ಬೆರಳಿನಿಂದ ತಡವಿ, ಎಲೆಯನ್ನು ಉಗುರಿನಿಂದ ಸೀಳಿದ. ಹಾಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿದ. ಸ್ವಲ್ಪ ಹೊತ್ತಿಗೆ ಬೆರಳುಗಳನ್ನು ಅಗಲಿಸಿದರೆ ನಡುವೆ ಎಳೆ ಎದ್ದಿತು. ಎಳೆದರೆ ಹಿಗ್ಗುತ್ತಿತ್ತು, ಬಿಟ್ಟರೆ ಕುಗ್ಗುತ್ತಿತ್ತು.

"ರಬ್ಬರ್ ಬೇಲ್," ಅಂದ. "ಲಡಾಯಿ ಕಾಲದಾಗ ಬಂದದ್ದು. ಗಾಡಿ ಗಾಲಿಗಿ ರಬ್ಬರ್ ಸಿಗವಲ್ದು ಅಂತ ಬೀಜ ಕಳಿಸಿದ್ರು. ರಬ್ಬರ್ ಏನೂ ಬರಲಿಲ್ಲ. ಹೂ ಚಂದ ಅದ ಅಂತ ದೊಡ್ಡವರು ಬಂಗಲೆಗೆ ಒಯ್ದ್ರು. ಶಹಾಪುರದ ಸಾಹೇಬ್ರಿಗಿ ನಾನೇ ಕೊಟ್ಟೀನಿ. ಒಬ್ಬೊಬ್ರು ಒಂದೊಂದು ಅಂತಾರ ಇದಕ್ಕ."

"ಆಡು ತಿಂದ್ರ?"

"ಆಡು, ದನ, ಕುದ್ರಿ, ಯಾವುದೂ ಉಳಿಯಂಗಿಲ್ಲ. ಕುದ್ರಿ ಲಾಯದ ಹತ್ರ ಹಾಕಬ್ಯಾಡ್ರಿ ಅಂತ ಹೇಳೇ ಕೊಡ್ತಿದ್ದೆ. ಬೇಗಂ ಸಾಹೇಬ್ರು ಸುತ್ತಾ ತಂತಿ ಹಾಕಿಸಿದ್ರು." ಆಮೇಲೆ ಮುಖ ಮೇಲೆತ್ತಿ ಕೇಳಿದ, "ಯಾರದು ಸತ್ತಾವ?"

ಹೇಳಿದೆ. ಆಡುಗಳ ವಿಷಯ ಹೇಳಿ, ಮುದುಕನ ವಿಷಯವನ್ನೂ ಹೇಳಿದೆ. ಅಲ್ಲಿಯವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ. ಅವನು ಬೆರಳಿಗೆ ಅಂಟಿದ ರಬ್ಬರನ್ನು ಹೊರಸಿನ ಕಾಲಿಗೆ ಒರೆಸಿದ. ಕೊನೆಗೆ, "ತಂತಿ ಇತ್ತಲ್ಲ," ಎಂದ. "ಬಂಗಲೆದಾಗ ನೀವು ತಂತಿ ನೋಡ್ಲಿಲ್ಲೇನು?"

ನೋಡಿದ್ದೆ. ಬಾವಿಕಟ್ಟೆಯ ಪಕ್ಕ ತುಕ್ಕು ಹಿಡಿದ ಮುಳ್ಳುತಂತಿ ಬಿದ್ದಿತ್ತು. ಕಡ್ಡಿ ಮುರಿಯುವಾಗ ಅದನ್ನು ಕಾಲಿನಿಂದ ಸರಿಸಿದ್ದೆ.

ಕಚೇರಿಯಲ್ಲಿ ಹೆಡ್ ಕ್ಲಾರ್ಕರಿಗೆ ತಿಳಿಸಿದೆ. ಅವರು ಈ ಸಲ ಎದ್ದು ಬಂದು ಬಳ್ಳಿಯನ್ನು ನೋಡಿದರು. "ನಾ ನೋಡಲಾರದ ಹೇಳಬಾರದಿತ್ತು," ಎಂದರು. ಒಳ್ಳೆಯ ಮನುಷ್ಯರೇ. ಅವತ್ತೇ ಇಬ್ಬರು ಆಳುಗಳನ್ನು ಹಚ್ಚಿ ಬೇರು ಸಹಿತ ತೆಗೆಸಿದರು.

ಅಕ್ಕನ ಮನೆಯ ಬಳ್ಳಿಯನ್ನು ಭಾವ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಗೆದ. ಊರ ಹೊರಗೆ ಗುಂಡಿ ತೋಡಿ ಹೂಳಿದೆವು. ಚಪ್ಪರ ಬೋಳಾಗಿ ಅಂಗಳಕ್ಕೆ ಬಿಸಿಲು ಬಿತ್ತು. ಅಕ್ಕ ಸೆರಗು ಹೊದ್ದು, ನೇರ ಚಾವಡಿಗೆ ನಡೆದಳು. ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿ ಇರಲಿಲ್ಲ. ನಾನು ಹಿಂದೆ ಹೋದೆ. ಕಟ್ಟೆಯ ಕೆಳಗೆ, ಮುದುಕ ನಿಂತಿದ್ದ ಜಾಗದ ಹತ್ತಿರವೇ ನಿಂತು ಅವಳು ಹೇಳಿದಳು:

"ಆಡು ಸತ್ತದ್ದು ನಮ್ಮ ಮನಿ ಬಳ್ಳಿಲಿಂದ. ಮುದುಕಂದೇನೂ ತಪ್ಪಿಲ್ಲ. ಎಲ್ಲರೂ ಕೇಳ್ರಿ ಅಂತ ಹೇಳಾಕತ್ತೀನಿ."

ಅವತ್ತು ನನ್ನನ್ನು ಕೇಳಿದ ಹಿರಿಯನೇ ಎಲೆ ಅಡಿಕೆಯ ಚೀಲ ಬಿಚ್ಚುತ್ತ ಅಂದ, "ಆತು ಬಿಡವ್ವಾ. ಹೋದವ ಹೋದ. ಅವನರೆ ಇಲ್ಲಿ ಏನು ಬಿಟ್ಟು ಹೋಗ್ಯಾನ? ಈಗ ಕೆದರಿ ಏನು ಮಾಡ್ತಿ?" ಮುದುಕನ ಹೊಲವನ್ನು ಕೊಂಡವನು ಅವನೇ ಎಂದು ನನಗೆ ಆಮೇಲೆ ತಿಳಿಯಿತು.

ದಸರೆ ಕಳೆದ ಮೇಲೆ ನಾನೂ ಅಕ್ಕನೂ ಗುರುಮಿಟ್ಕಲ್ ಕಡೆ ಹೊರಟೆವು. ಭಾವ ಬರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಯಾದಗಿರಿಯಿಂದ ಬಸ್ಸು, ಆಮೇಲೆ ನಡಿಗೆ. ದಾರಿ ಕೇಳಿದಾಗ ಜನ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದರು. ಅಕ್ಕ ಒಂದು ಗಂಟಿನಲ್ಲಿ ಜೋಳವನ್ನೂ, ಮುದುಕನ ಹೆಂಡತಿಗೆಂದು ಒಂದು ಹೊಸ ಸೀರೆಯನ್ನೂ ಕಟ್ಟಿಕೊಂಡಿದ್ದಳು. ಊರು ಮುಟ್ಟಿದಾಗ ಮಧ್ಯಾಹ್ನ. ಅಲ್ಲಿಯೂ ಮನೆ ಊರ ಹೊರಗೇ.

ಮುದುಕ ಗುಡಿಸಲಿನ ನೆರಳಿನಲ್ಲಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ಒಂದೇ ಮಳೆಗಾಲದಲ್ಲಿ ಬಹಳ ಇಳಿದಿದ್ದ. ನಮ್ಮನ್ನು ನೋಡಿ ಗಾಬರಿಯಾಗಿ ಎದ್ದು ನಿಂತು ಕೈಮುಗಿದ. ನಾವು ಇನ್ನೇನೋ ಹೊರಿಸಲು ಬಂದಿದ್ದೇವೆಂದು ತಿಳಿದಿರಬೇಕು. ನಾನು ನಡೆದದ್ದೆಲ್ಲ ಹೇಳಿದೆ. ಬಳ್ಳಿ ತಂದವನು ನಾನು, ಏನೂ ಆಗುವುದಿಲ್ಲವೆಂದು ಹೇಳಿದವನೂ ನಾನು ಎಂದೆ. ಅವನು ಮತ್ತೆ ಕೂತು, ಬಿಟ್ಟಲ್ಲಿಂದ ಹಗ್ಗ ಹೊಸೆಯತೊಡಗಿದ.

"ಇದನ್ನ ಚಾವಡ್ಯಾಗ ಹೇಳಿದ್ರೇನು?" ಎಂದು ಕೇಳಿದ.

"ಹೇಳೀವಿ," ಅಂದಳು ಅಕ್ಕ.

"ಅವ್ರು ಏನಂದ್ರು?"

ನಾವಿಬ್ಬರೂ ಸುಮ್ಮನಾದೆವು. ಅವನು ತಲೆಯಾಡಿಸಿದ. ಅದಕ್ಕಿಂತ ಹೆಚ್ಚಿನದನ್ನು ಕಾದಿರಲಿಲ್ಲವೆಂದು ಕಾಣುತ್ತದೆ.

"ಊರಿಗಿ ಬಾರಪ್ಪಾ," ಅಂದಳು ಅಕ್ಕ. "ನಮ್ಮ ಹೊಲದಾಗ ಒಂದು ತುಂಡು ಕೊಡ್ತೀವಿ. ನಾ ಮನ್ಯಾಗ ಮಾತಾಡೀನಿ."

ಅವಳು ಮಾತಾಡಿದ್ದು ನನಗೇ ಗೊತ್ತಿರಲಿಲ್ಲ.

"ಅಲ್ಲಿ ನನ್ನ ಮಾರಿ ನೋಡಿದವ್ರಿಗಿ ಮೊದಲು ಆಡೇ ನೆನಪು ಬರ್ತಾವ ತಾಯಿ. ನೀವು ಬಂದು ಹೇಳಿದ್ರಿ, ಆತು. ನಾ ಬರಂಗಿಲ್ಲ."

ಅವನ ಹೆಂಡತಿ ಬಾಗಿಲ ಒಳಗೆ ನಿಂತಿದ್ದಳು, ಹೊರಗೆ ಬಂದಿರಲಿಲ್ಲ. ಅಕ್ಕ ಜೋಳವನ್ನೂ ಸೀರೆಯನ್ನೂ ಹೊಸಿಲ ಮೇಲಿಟ್ಟಳು. ಆಮೇಲೆ, ಅವಳ ಬಾಯಲ್ಲಿ ನಾನು ಎಂದೂ ಕೇಳಿರದ ಮಾತೊಂದನ್ನು ಆಡಿದಳು.

"ಕುಡಿಲಾಕ ಒಂದು ಚರಿಗಿ ನೀರು ಕೊಡವ್ವಾ."

ನಮ್ಮ ಮನೆಯವರು ಕೇರಿಯವರ ಮನೆಯ ನೀರನ್ನು ಎಂದೂ ಮುಟ್ಟಿದವರಲ್ಲ. ಅಕ್ಕನಿಗೆ ನೀರಡಿಕೆಯೂ ಆಗಿತ್ತು, ಬೆಳಗಿನಿಂದ ಏನೂ ಕುಡಿದಿರಲಿಲ್ಲ. ಆದರೆ ಅವಳು ಕೇಳಿದ್ದು ಬರೀ ಅದಕ್ಕಲ್ಲವೆಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಮುದುಕಿಯ ಹಿಂದೆ, ಒಲೆಯ ಪಕ್ಕ, ಕೊಡ ಕಾಣುತ್ತಿತ್ತು. ಬಾಯಿತನಕ ನೀರಿದ್ದು, ಮೇಲಿನ ಗವಾಕ್ಷಿಯ ಬೆಳಕು ಅದರಲ್ಲಿ ಅಲುಗುತ್ತಿತ್ತು.

"ಕೊಡ ಖಾಲಿ ಅದ," ಅಂದಳು ಮುದುಕಿ.

ಮುದುಕ ಹಗ್ಗದಿಂದ ತಲೆಯೆತ್ತಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡಳು. "ಇರ್ಲಿ ಬಿಡವ್ವಾ," ಎಂದು ಹೊರಟಳು. ಕೇರಿ ದಾಟುವಷ್ಟರಲ್ಲಿ ಅವರ ಮಗಳು ಓಡಿಬಂದು ಜೋಳದ ಗಂಟನ್ನೂ ಸೀರೆಯನ್ನೂ ನನ್ನ ಕೈಗೆ ಕೊಟ್ಟು ತಿರುಗಿ ಹೋದಳು.

ಬಸ್ಸಿನ ದಾರಿಯವರೆಗೆ ಅಕ್ಕ ಮುಂದೆ ಮುಂದೆ ನಡೆದಳು. ರಸ್ತೆಯ ಪಕ್ಕದ ಬೇವಿನ ಕೆಳಗೆ ಕೂತಾಗ, "ಅಕಿ ಮಾಡಿದ್ದು ಬರೋಬ್ಬರಿ ಅದ," ಅಂದಳು. ಅಷ್ಟೇ.

ಮುಂದಿನ ವರ್ಷ ತರ್ಜುಮೆಯ ಕೆಲಸ ಮುಗಿದು, ನನ್ನನ್ನು ಯಾದಗಿರಿಗೆ ಹಾಕಿದರು. ಅಲ್ಲಿ ನಾನು ಬರೆದದ್ದು ಬರೀ ಕನ್ನಡ. ಭಾವ ಆಡುಗಳನ್ನು ಒಂದೊಂದಾಗಿ ಕೊಟ್ಟು ಕುರಿ ಕಟ್ಟಿದ. ಅಕ್ಕನ ಮನೆಗೆ ಹೋದರೆ ಊಟಕ್ಕೆ ಹಾಕುತ್ತಿದ್ದಳು, ನನ್ನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಹಾಡಿದ್ದನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ.

ಐದಾರು ವರ್ಷಗಳ ಮೇಲೆ ಯಾದಗಿರಿಯ ಸಂತೆಯಲ್ಲಿ ಪುಂಡಿ ಹಗ್ಗ ಮಾರುತ್ತಿದ್ದ ಹೆಂಗಸನ್ನು ನೋಡಿ ನಿಂತೆ. ಮುದುಕನ ಮಗಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ಒಂದು ಹಗ್ಗ ಎತ್ತಿ ನೋಡುವವನಂತೆ ಮಾಡಿ, "ನಿಮ್ಮ ಅಪ್ಪ ಆರಾಮದಾನೇನವ್ವಾ?" ಎಂದೆ.

"ಅಪ್ಪ ಹೋಗಿ ಎರಡು ವರ್ಷ ಆತ್ರಿ," ಅಂದಳು. ಆಮೇಲೆ ಮುಖ ನೋಡಿ, "ನೀವ್ಯಾರ್ರಿ? ನಮ್ಮಪ್ಪ ನಿಮಗ ಹ್ಯಾಂಗ ಗೊತ್ತು?"

"ನಾ ಬಳಿಚಕ್ರದ ಕಡಿಯವ," ಅಂದೆ.

ಅವಳು ನನ್ನ ಕೈಯಲ್ಲಿದ್ದ ಹಗ್ಗವನ್ನು ಮೆಲ್ಲಗೆ ತೆಗೆದುಕೊಂಡು ಉಳಿದ ಹಗ್ಗಗಳ ಜೊತೆ ಸುತ್ತಿದಳು. ಗಂಟನ್ನು ತಲೆಯ ಮೇಲಿಟ್ಟುಕೊಂಡು, ಸಂತೆ ಇನ್ನೂ ತುಂಬುತ್ತಿದ್ದರೂ, ಜನರ ನಡುವೆ ದಾರಿ ಮಾಡಿಕೊಂಡು ಹೋದಳು.